ಬಳಪದ ಗೆರೆಯೋ, ಮೊಳೆಯ ಗೀರೋ?

ನಿಮ್ಮ ಮನೆಯಲ್ಲಿ ಇಂಡಕ್ಷನ್ ಒಲೆ ಇದೆಯೇ? ಇದ್ದರೆ ಇವತ್ತು ಒಂದು ಕೆಲಸ ಮಾಡೋಣ. ಅಡುಗೆಯೆಲ್ಲ ಮುಗಿದು, ಒಲೆ ಪೂರ್ತಿ ತಣ್ಣಗಾಗಿ, ಪ್ಲಗ್ ತೆಗೆದ ಮೇಲೆ ಮನೆಯ ದೊಡ್ಡವರನ್ನು ಕೇಳಿ ಅದರ ಮುಂದೆ ನಿಲ್ಲಿ. ಕೈಯಲ್ಲೊಂದು ಟಾರ್ಚ್ ಇರಲಿ. ಬೆಳಕನ್ನು ಮೇಲಿನಿಂದ ಬಿಡಬೇಡಿ. ಟಾರ್ಚನ್ನು ಒಲೆಯ ಅಂಚಿಗೆ ತಾಗಿಸಿ, ಬೆಳಕು ಆ ಕಪ್ಪು ಹಲಗೆಯ ಮೇಲೆ ಅಡ್ಡಡ್ಡ ಹರಿದುಹೋಗುವಂತೆ ಹಿಡಿಯಿರಿ. ನಿಮ್ಮ ಕಣ್ಣನ್ನೂ ಅಷ್ಟೇ ಕೆಳಕ್ಕೆ ತಗ್ಗಿಸಿ ನೋಡಿ.

ಇಷ್ಟು ಹೊತ್ತು ನುಣ್ಣಗೆ ಕಾಣುತ್ತಿದ್ದ ಹಲಗೆಯ ಮೇಲೆ ಏನೇನೆಲ್ಲ ಇದೆ! ಬೂದು ಬಣ್ಣದ ಬಾಗಿದ ಗೆರೆಗಳು. ಪಾತ್ರೆಯ ತಳದಷ್ಟೇ ಅಗಲದ ಬಿಳಿ ಉಂಗುರ. ಹಾಲು ಉಕ್ಕಿದ ಕಡೆ ಕಂದು ಕಲೆ. ಒಂದು ಮೂಲೆಯಲ್ಲಿ ಕಾಮನಬಿಲ್ಲಿನ ಬಣ್ಣಗಳ ಮಿನುಗು. ನಡುನಡುವೆ ಕೂದಲಿಗಿಂತ ತೆಳ್ಳಗಿನ ಬಿಳಿ ಗೀಟುಗಳು. ದೊಡ್ಡವರು ಇವಕ್ಕೆಲ್ಲ ಒಂದೇ ಹೆಸರಿಟ್ಟುಬಿಡುತ್ತಾರೆ: "ಅಯ್ಯೋ, ಹೊಸ ಒಲೆ ಸ್ಕ್ರ್ಯಾಚ್ ಆಗ್ಹೋಯ್ತು!" ಆದರೆ ಇವುಗಳಲ್ಲಿ ನಿಜವಾದ ಗೀರುಗಳು ಕೆಲವು ಮಾತ್ರ. ಉಳಿದವು ಗೀರಿನ ವೇಷ ಹಾಕಿಕೊಂಡು ಕೂತಿವೆ. ಯಾವುದು ಅಸಲಿ, ಯಾವುದು ವೇಷ ಅಂತ ಪತ್ತೆ ಹಚ್ಚೋಣ ಬನ್ನಿ.

ಪತ್ತೇದಾರಿಗೆ ಮೊದಲು ಒಂದು ಸ್ಲೇಟು ನೆನಪಿಗೆ ತಂದುಕೊಳ್ಳಿ. ಬಳಪ ಹಿಡಿದು ಅದರ ಮೇಲೊಂದು ಗೆರೆ ಎಳೆದರೆ ಏನಾಗುತ್ತದೆ? ಬಳಪ ಸ್ವಲ್ಪ ಸವೆಯುತ್ತದೆ. ಸವೆದ ಪುಡಿ ಸ್ಲೇಟಿನ ಮೇಲೆ ಕೂರುತ್ತದೆ. ಅಂದರೆ ಆ ಬಿಳಿ ಗೆರೆಯೆಂದರೆ ಬಳಪವೇ! ಸ್ಲೇಟಿಗೆ ಏನೂ ಆಗಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು.

ಈಗ ಅದೇ ಸ್ಲೇಟಿನ ಮೇಲೆ ಯಾರೋ ತುಂಟ ಹುಡುಗ ಮೊಳೆಯಿಂದ ಗೆರೆ ಎಳೆದ ಅಂತಿಟ್ಟುಕೊಳ್ಳಿ. ಅದೂ ಬಿಳಿಯಾಗಿಯೇ ಕಾಣುತ್ತದೆ. ಎಷ್ಟು ಒರೆಸಿದರೂ ಹೋಗುವುದಿಲ್ಲ. ಯಾಕೆಂದರೆ ಇಲ್ಲಿ ಸವೆದದ್ದು ಮೊಳೆಯಲ್ಲ, ಸ್ಲೇಟು. ಸ್ಲೇಟಿನ ಒಂದಿಷ್ಟು ಪುಡಿ ಹಾರಿಹೋಗಿ ಅಲ್ಲೊಂದು ಪುಟ್ಟ ಕಾಲುವೆ ಆಗಿದೆ. ಬಳಪದ ಗೆರೆ ಅಂದರೆ ಮೇಲೆ ಬಂದು ಕೂತದ್ದು, ಮೊಳೆಯ ಗೀರು ಅಂದರೆ ಒಳಗಿನಿಂದ ಕಳೆದುಹೋದದ್ದು. ಬಂದು ಕೂತದ್ದನ್ನು ಎಬ್ಬಿಸಿ ಕಳಿಸಬಹುದು. ಕಳೆದುಹೋದದ್ದನ್ನು ಎಲ್ಲಿಂದ ತರುವುದು? ಒಲೆಯ ಮೇಲಿನ ಪ್ರತಿ ಗುರುತಿಗೂ ಕೇಳಬೇಕಾದ ಪ್ರಶ್ನೆ ಇದೊಂದೇ: ನೀನು ಬಳಪವೋ, ಮೊಳೆಯೋ?

ಉತ್ತರ ಹೇಳುವ ಉಪಕರಣ ನಿಮ್ಮ ಬೆರಳ ತುದಿಯಲ್ಲೇ ಇದೆ. ಬೂದು ಗೆರೆಗೆ ಅಡ್ಡವಾಗಿ ಉಗುರಿನ ತುದಿಯನ್ನು ಮೆಲ್ಲಗೆ ಎಳೆಯಿರಿ. ಒತ್ತಬೇಡಿ, ಸುಮ್ಮನೆ ಜಾರಿಸಿ. ಉಗುರು ಎಲ್ಲೂ ತಡೆಯದೆ ದಾಟಿಹೋಯಿತೇ? ಹಾಗಿದ್ದರೆ ಅದು ಹೆಚ್ಚಾಗಿ ಬಳಪದ ಜಾತಿ. 'ಟಿಕ್' ಅಂತ ಸಣ್ಣಗೆ ಸಿಕ್ಕಿಕೊಂಡಿತೇ? ಅಲ್ಲಿ ಕಾಲುವೆ ಇದೆ, ಅದು ಮೊಳೆಯ ಜಾತಿ. ಕಣ್ಣು ಮುಚ್ಚಿಕೊಂಡು ಮಾಡಿ ನೋಡಿ, ಇನ್ನೂ ಚೆನ್ನಾಗಿ ತಿಳಿಯುತ್ತದೆ. ಕಣ್ಣಿಗೆ ಕಾಣದ ಎಷ್ಟೋ ತಗ್ಗುಗಳು ಉಗುರಿಗೆ ಗೊತ್ತಾಗುತ್ತವೆ.

ಉಗುರಿನಿಂದ ಎಳೆದರೆ ಹೊಸ ಗೀರು ಬೀಳುವುದಿಲ್ಲವೇ ಅಂತ ಕೇಳಿದಿರಾ? ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಕೊಟ್ಟವರು ಫ್ರೆಡ್ರಿಕ್ ಮೋಸ್ ಎಂಬ ಜರ್ಮನ್ ಖನಿಜ ವಿಜ್ಞಾನಿ. ಕಲ್ಲುಗಳನ್ನು ಗುರುತಿಸುವುದೇ ಅವರ ಕೆಲಸ. 1812ರಲ್ಲಿ ಅವರೊಂದು ಸರಳ ಆಟ ಕಟ್ಟಿದರು. ಎರಡು ವಸ್ತು ತಗೊಂಡು ಒಂದರಿಂದ ಇನ್ನೊಂದರ ಮೇಲೆ ಗೀಚಬೇಕು. ಯಾವುದರ ಮೇಲೆ ಗೀರು ಬೀಳುತ್ತದೋ ಅದು ಮೆದು, ಗೀಚಿದ್ದು ಗಟ್ಟಿ. ಹೀಗೆ ಸೋಲಿಸುತ್ತ ಸೋಲಿಸುತ್ತ ಹತ್ತು ಖನಿಜಗಳನ್ನು ಮೆಟ್ಟಿಲಿನ ಮೇಲೆ ಕೂರಿಸಿದರು. ಎಲ್ಲಕ್ಕಿಂತ ಕೆಳಗೆ, 1ನೇ ಮೆಟ್ಟಿಲಲ್ಲಿ ಟಾಲ್ಕ್. ಟಾಲ್ಕಂ ಪೌಡರ್ ಆಗುವುದು ಇದೇ ಕಲ್ಲಿನ ಪುಡಿ. ಎಲ್ಲಕ್ಕಿಂತ ಮೇಲೆ, 10ರಲ್ಲಿ ವಜ್ರ.

ನಮ್ಮ ಉಗುರನ್ನು ಆ ಮೆಟ್ಟಿಲಲ್ಲಿ ಕೂರಿಸಿದರೆ ಸುಮಾರು ಎರಡೂವರೆಗೆ ಬರುತ್ತದೆ. ಅಲ್ಯೂಮಿನಿಯಂ ಮೂರಕ್ಕಿಂತ ತುಸು ಕೆಳಗೆ, ತಾಮ್ರ ಮೂರು. ಚಾಕುವಿನ ಉಕ್ಕು ಐದೂವರೆಯ ಆಸುಪಾಸು. ನಮ್ಮ ಒಲೆಯ ಕಪ್ಪು ಹಲಗೆ ಆರು, ಇಲ್ಲವೇ ಅದಕ್ಕೂ ಸ್ವಲ್ಪ ಮೇಲೆ. ನೋಡಿದಿರಾ? ಉಗುರು ಎಷ್ಟೋ ಮೆಟ್ಟಿಲು ಕೆಳಗಿದೆ. ಅದು ಹಲಗೆಯನ್ನು ಏನೂ ಮಾಡಲಾರದು.

ಈಗ ಆ ಬೂದು ಗೆರೆಗಳ ಗುಟ್ಟೂ ಬಯಲಾಯಿತು. ತಾಮ್ರದ ತಳದ ಪಾತ್ರೆಯನ್ನೋ ಅಲ್ಯೂಮಿನಿಯಂ ಬಾಣಲೆಯನ್ನೋ ಯಾರೋ ಹಲಗೆಯ ಮೇಲೆ ಎಳೆದಿದ್ದಾರೆ. ಹಲಗೆ ಗಟ್ಟಿ, ಪಾತ್ರೆಯ ತಳ ಮೆದು. ಹಾಗಾಗಿ ಸವೆದದ್ದು ಪಾತ್ರೆ! ಅದರ ಲೋಹದ ತೆಳ್ಳನೆಯ ಪುಡಿ ಹಲಗೆಯ ಮೇಲೆ ಬಳಿದುಕೊಂಡಿದೆ. ಸ್ಟೀಲ್ ಪಾತ್ರೆಯೂ ಎಷ್ಟೋ ಸಲ ಇಂಥ ಗೆರೆ ಬಿಡುತ್ತದೆ. ಒಲೆ ಹಾಳಾಯಿತು ಅಂತ ಮನೆಯವರು ಬೇಜಾರು ಮಾಡಿಕೊಂಡಿದ್ದು ಪಾತ್ರೆಯ ಬಳಪದ ಗೆರೆಗೆ.

ಹಾಗಾದರೆ ಅಳಿಸೋಣ. ಒಂದು ಚಮಚ ಅಡುಗೆ ಸೋಡಾಕ್ಕೆ ಕೆಲವು ಹನಿ ನೀರು ಹಾಕಿ ಕಲಸಿದರೆ ದೋಸೆ ಹಿಟ್ಟಿಗಿಂತ ಗಟ್ಟಿಯಾದ ಒಂದು ಮುದ್ದೆ ಆಗುತ್ತದೆ. ಅದನ್ನು ಗೆರೆಯ ಮೇಲೆ ಹಚ್ಚಿ, ಮೆತ್ತನೆಯ ಬಟ್ಟೆಯಿಂದ ಸುತ್ತಿಸಿ ಸುತ್ತಿಸಿ ಉಜ್ಜಿ. ಅವಸರ ಬೇಡ. ಬಟ್ಟೆಯನ್ನು ಆಗಾಗ ತಿರುಗಿಸಿ ನೋಡುತ್ತಿರಿ. ಬಿಳಿ ಸೋಡಾ ಸ್ವಲ್ಪ ಸ್ವಲ್ಪವೇ ಬೂದು ಬಣ್ಣಕ್ಕೆ ತಿರುಗುತ್ತದೆ. ಆ ಬೂದು ಬಣ್ಣವೇ ಪಾತ್ರೆಯಿಂದ ಬಂದ ಲೋಹ! ಕೊನೆಗೆ ಒದ್ದೆ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಇನ್ನೊಮ್ಮೆ ಒರೆಸಿದರೆ ಆಯಿತು. ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೊಮ್ಮೆ ಮಾಡಿ. ಹಳೆಯ ಗೆರೆಗಳು ಹಠಮಾರಿಗಳು. ಅವು ಇದಕ್ಕೂ ಬಗ್ಗದಿದ್ದರೆ ಇಂಥ ಒಲೆಗೆಂದೇ ಮಾಡಿದ ಕ್ರೀಮ್ ಅಂಗಡಿಯಲ್ಲಿ ಸಿಗುತ್ತದೆ.

ಸೋಡಾ ಯಾಕೆ? ಅದರ ಕಣಗಳ ಗಡಸುತನವೂ ಹೆಚ್ಚು ಕಡಿಮೆ ನಮ್ಮ ಉಗುರಿನಷ್ಟೇ. ಬಳಿದುಕೊಂಡ ಲೋಹವನ್ನು ಕೆರೆದು ಎಬ್ಬಿಸುವಷ್ಟು ಶಕ್ತಿ ಇದೆ, ಹಲಗೆಗೆ ಗೀರು ಹಾಕುವಷ್ಟು ಇಲ್ಲ. ಇಂಥ ಕೆಲಸಕ್ಕೆ ಇಂಥವರೇ ಬೇಕು.

ಪಾತ್ರೆ ತಿಕ್ಕುವ ಹಸಿರು ನಾರನ್ನು ಮಾತ್ರ ಹತ್ತಿರಕ್ಕೂ ತರಬೇಡಿ. ಅದರ ಎಳೆಗಳಿಗೆ ತುಂಬ ಗಟ್ಟಿಯಾದ ಸಣ್ಣ ಕಣಗಳನ್ನು ಅಂಟಿಸಿರುತ್ತಾರೆ. ಹಳೆಯ ಕಾಲದಲ್ಲಿ ಅಜ್ಜಿಯಂದಿರು ಬೂದಿ, ಹುಣಸೆಹಣ್ಣು ಹಾಕಿ ಹಿತ್ತಾಳೆ ಕೊಡ ಫಳಫಳ ಮಾಡುತ್ತಿದ್ದರಲ್ಲ, ಆ ವಿದ್ಯೆಯೂ ಇಲ್ಲಿಗೆ ಒಗ್ಗುವುದಿಲ್ಲ. ಬೂದಿಯಲ್ಲಿ, ಅದರಲ್ಲೂ ಭತ್ತದ ಹೊಟ್ಟಿನ ಬೂದಿಯಲ್ಲಿ, ಮರಳಿನಲ್ಲಿರುವ ಸಿಲಿಕಾ ಎಂಬ ವಸ್ತುವೇ ತುಂಬಿರುತ್ತದೆ. ಹಿತ್ತಾಳೆ ಮೆದು, ಅದು ತಿಕ್ಕಿಸಿಕೊಂಡು ಹೊಳೆಯುತ್ತದೆ. ಒಲೆಯ ಹಲಗೆ ಹೊಳಪನ್ನೇ ಕಳೆದುಕೊಂಡೀತು.

ಇನ್ನು ಆ ಬಿಳಿ ಉಂಗುರ. ಇದನ್ನು ಹಿಡಿಯುವುದು ಮಜವಾದ ಕೆಲಸ. ಉಂಗುರದ ಮೇಲೆ ಒಂದು ಹನಿ ನಿಂಬೆರಸ ಬಿಟ್ಟು, ಮೂಗು ತಾಗುವಷ್ಟು ಹತ್ತಿರದಿಂದ ನೋಡಿ. ಸಾಸಿವೆಗಿಂತ ಎಷ್ಟೋ ಚಿಕ್ಕ ಗುಳ್ಳೆಗಳು ಎದ್ದರೂ ಏಳಬಹುದು. ಬೋರ್‌ವೆಲ್ ನೀರಿನಲ್ಲಿ ಸುಣ್ಣದಂಶ ಕರಗಿರುತ್ತದೆ. ಪಾತ್ರೆಯ ಹೊರಗೆ ಸುರಿದ ನೀರು ಆವಿಯಾಗಿ ಹೋಗುತ್ತದೆ, ಸುಣ್ಣದಂಶ ಮಾತ್ರ ಹಾರಲಾರದೆ ಹಲಗೆಯ ಮೇಲೆ ಉಳಿಯುತ್ತದೆ. ಹುಳಿ ತಾಗಿದ ಕೂಡಲೇ ಅದು ಕರಗುತ್ತ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಬಿಡುತ್ತದೆ. ಗುಳ್ಳೆಯೊಳಗಿರುವುದು ಅದೇ ಅನಿಲ. ನಾಲ್ಕೈದು ನಿಮಿಷ ಬಿಟ್ಟು ಒರೆಸಿದರೆ ಉಂಗುರ ಮಾಯ. ಬಿಸಿನೀರಿನ ಹೀಟರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಹೊಪ್ಪಳೆಯೂ ಇದೇ ಸುಣ್ಣ.

ಕಾಮನಬಿಲ್ಲಿನ ಮಿನುಗಿಗೆ ಕಾರಣ ಒಂದು ತೆಳ್ಳನೆಯ ಪದರ. ಸರಿಯಾಗಿ ಒರೆಸದೆ ಉಳಿದ ಸೋಪೋ, ಎಣ್ಣೆಯೋ, ನೀರಿನ ಲವಣವೋ ಒಣಗಿ ಅಲ್ಲಿ ಕೂತಿದೆ. ಅದರ ಮೇಲ್ಬದಿಯಿಂದ ಸ್ವಲ್ಪ ಬೆಳಕು ಹಿಂದಿರುಗುತ್ತದೆ, ಕೆಳಬದಿಯಿಂದ ಇನ್ನು ಸ್ವಲ್ಪ. ಎರಡೂ ಸೇರುವಾಗ ಕೆಲವು ಬಣ್ಣ ಹೆಚ್ಚುತ್ತವೆ, ಕೆಲವು ಅಳಿಯುತ್ತವೆ. ಸೋಪಿನ ಗುಳ್ಳೆಯಲ್ಲಿ ಬಣ್ಣ ಬರುವುದೂ ಹೀಗೆಯೇ. ಒಂದಿಷ್ಟು ವಿನೆಗರ್ ಹಚ್ಚಿ ಒರೆಸಿದರೆ ಹೋಗುತ್ತದೆ. ನಾನಾದರೆ ಒರೆಸುವ ಮುಂಚೆ ಸ್ವಲ್ಪ ಹೊತ್ತು ನೋಡುತ್ತ ಕೂರುತ್ತೇನೆ.

ಉಕ್ಕಿ ಸುಟ್ಟ ಹಾಲಿನ ಕಲೆಯನ್ನು ದೊಡ್ಡವರಿಗೆ ಬಿಡಿ. ಅವರು ಹಿಡಿಯಿರುವ ಬ್ಲೇಡನ್ನು ಹಲಗೆಗೆ ಹತ್ತಿರಹತ್ತಿರ ಮಲಗಿಸಿ ಕೆರೆದು ತೆಗೆಯುತ್ತಾರೆ. ನೀವು ದೂರ ನಿಂತು ಯೋಚನೆ ಮಾಡಿ: ಬ್ಲೇಡಿನಲ್ಲಿ ಕೆರೆದರೂ ಗೀರು ಯಾಕೆ ಬೀಳುವುದಿಲ್ಲ? ಮೋಸ್ ಅವರ ಮೆಟ್ಟಿಲು ನೆನಪಿಸಿಕೊಂಡರೆ ಉತ್ತರ ನಿಮಗೇ ಹೊಳೆಯುತ್ತದೆ. ಬ್ಲೇಡಿನ ಮೂಲೆ ಚುಚ್ಚದಂತೆ ಮಾತ್ರ ನೋಡಿಕೊಳ್ಳಬೇಕು.

ಉಕ್ಕಿದ ಪದಾರ್ಥಗಳಲ್ಲಿ ಈ ಒಲೆ ನಿಜವಾಗಿ ಹೆದರುವುದು ಒಂದಕ್ಕೆ. ಹಾಲಿಗಲ್ಲ, ಸಾರಿಗಲ್ಲ. ಬೆಲ್ಲದ ಪಾಕಕ್ಕೆ! ಚಿಕ್ಕಿ ಮಾಡುವಾಗಲೋ ಉಂಡೆ ಕಟ್ಟಲೆಂದು ಪಾಕ ಕಾಯಿಸುವಾಗಲೋ ಒಂದು ಹನಿ ಬಿಸಿ ಹಲಗೆಯ ಮೇಲೆ ಬಿದ್ದರೆ, ಮಿಕ್ಕ ಕಲೆಗಳ ಹಾಗೆ 'ಆರಲಿ, ಆಮೇಲೆ ಒರೆಸೋಣ' ಅನ್ನುವ ಹಾಗಿಲ್ಲ. ದೊಡ್ಡವರು ಕೈಗವಸು ಹಾಕಿಕೊಂಡು ಬಿಸಿ ಇರುವಾಗಲೇ ಅದನ್ನು ಕೆರೆದು ತೆಗೆಯಬೇಕು. ತಡಮಾಡಿದರೆ, ಆರಿದ ಪಾಕ ಎದ್ದು ಬರುವಾಗ ಹಲಗೆಯ ಚಕ್ಕೆಯನ್ನೂ ಕಿತ್ತುಕೊಂಡು ಬರಬಹುದು. ಅಲ್ಲೊಂದು ಪುಟ್ಟ ಗುಳಿ ಉಳಿಯುತ್ತದೆ. ಇದು ಮೊಳೆಯ ಜಾತಿಗೂ ಮಿಗಿಲಾದ ಪೆಟ್ಟು.

ಎರಡೂವರೆ ಮೆಟ್ಟಿಲೂ ಮುಟ್ಟದ ಸಕ್ಕರೆ ಆರರ ಮೆಟ್ಟಿಲಲ್ಲಿ ಕೂತ ಹಲಗೆಯನ್ನು ಸೋಲಿಸಿತೇ? ಹೇಗೆ? ಇಲ್ಲಿ ನಡೆಯುವುದು ಗೀಚುವ ಆಟವಲ್ಲ, ಎಳೆದಾಟ. ಬಿಸಿ ಪಾಕ ಹಲಗೆಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆರುತ್ತ ಆರುತ್ತ ಪಾಕ ಕುಗ್ಗುತ್ತದೆ. ಹಲಗೆ ಕುಗ್ಗುವುದೇ ಇಲ್ಲ! ಅಂಟಿಕೊಂಡ ಇಬ್ಬರಲ್ಲಿ ಒಬ್ಬರು ಮುದುಡುತ್ತ ಹೋಗಿ ಇನ್ನೊಬ್ಬರು ಅಲ್ಲಾಡದೆ ನಿಂತರೆ ನಡುವೆ ಎಳೆತ ಹೆಚ್ಚುತ್ತಲೇ ಹೋಗುತ್ತದೆ. ಕೊನೆಗೆ ಏನೋ ಒಂದು ಕಿತ್ತು ಬರಲೇಬೇಕು.

ಆದರೆ ಮಕ್ಕಳೇ, ಬಿಸಿಯಾದ ವಸ್ತು ಹಿಗ್ಗಬೇಕು, ತಣ್ಣಗಾದದ್ದು ಕುಗ್ಗಬೇಕು. ರೈಲು ಹಳಿ ಹಿಗ್ಗುತ್ತದೆ, ಗಾಜಿನ ಲೋಟವೂ ಹಿಗ್ಗುತ್ತದೆ. ಸಾಮಾನ್ಯ ಗಾಜಿನ ಲೋಟಕ್ಕೆ ಕುದಿಯುವ ಕಾಫಿ ಸುರಿದರೆ ಒಳಮೈ ತಟ್ಟನೆ ಹಿಗ್ಗುತ್ತದೆ, ಹೊರಮೈಗೆ ಇನ್ನೂ ಬಿಸಿ ತಲುಪಿರುವುದಿಲ್ಲ, ಲೋಟ ಫಟ್ ಅಂತ ಸೀಳುತ್ತದೆ. ನಮ್ಮ ಒಲೆಯ ಹಲಗೆ ಮಾತ್ರ ಯಾಕೆ ಹೀಗೆ ಹಿಗ್ಗದೆ ಕುಗ್ಗದೆ ಕೂತಿದೆ? ಇದರ ಹಿಂದೆ ಕೆಟ್ಟುಹೋದ ಒಂದು ಕುಲುಮೆಯ ಕತೆ ಇದೆ.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಕಾರ್ನಿಂಗ್ ಅಂತ ಒಂದು ಊರು. ಗಾಜಿನ ಕಾರ್ಖಾನೆಗೆ ಹೆಸರಾದ ಊರು. 1953ರಲ್ಲಿ ಅಲ್ಲಿನ ಪ್ರಯೋಗಾಲಯದಲ್ಲಿ ಡೊನಾಲ್ಡ್ ಸ್ಟೂಕಿ ಎಂಬ ವಿಜ್ಞಾನಿ ಒಂದು ಬಗೆಯ ಗಾಜಿನ ಬಿಲ್ಲೆಯನ್ನು ಕುಲುಮೆಯಲ್ಲಿಟ್ಟರು. ಅವರಿಗೆ ಬೇಕಾಗಿದ್ದ ಶಾಖ 600 ಡಿಗ್ರಿ ಸೆಲ್ಸಿಯಸ್. ಕುಲುಮೆಯ ನಿಯಂತ್ರಕ ಕೆಟ್ಟಿತ್ತು. ಬಂದು ನೋಡಿದರೆ ಮುಳ್ಳು 900 ತೋರಿಸುತ್ತಿದೆ! ಗಾಜು ಕರಗಿ ಹರಿದು ಕುಲುಮೆಯನ್ನೂ ಕೆಡಿಸಿರುತ್ತದೆ ಅಂದುಕೊಂಡೇ ಅವರು ಬಾಗಿಲು ತೆರೆದರು.

ಗಾಜು ಕರಗಿರಲಿಲ್ಲ. ಹಾಲಿನ ಬಣ್ಣಕ್ಕೆ ತಿರುಗಿ, ಇಟ್ಟ ಆಕಾರದಲ್ಲೇ ಕೂತಿತ್ತು. ಇಕ್ಕಳದಲ್ಲಿ ಹಿಡಿದು ಹೊರತೆಗೆಯುವಾಗ ಅದು ಜಾರಿ ನೆಲಕ್ಕೆ ಬಿತ್ತು. ಗಾಜು ಬಿದ್ದರೆ ಏನಾಗಬೇಕು? ಇದು ಒಡೆಯಲಿಲ್ಲ. ಲೋಹದ ತಟ್ಟೆ ಬಿದ್ದ ಹಾಗೆ ಠಣ್ ಅಂದಿತು. ಆ ಠಣ್ ಶಬ್ದಕ್ಕೆ ಸ್ಟೂಕಿ ಕಿವಿಗೊಟ್ಟರಲ್ಲ, ನನಗೆ ಇಡೀ ಕತೆಯಲ್ಲಿ ಇಷ್ಟವಾಗುವುದು ಅದು. ಕೆಟ್ಟ ಪ್ರಯೋಗ ಅಂತ ಕಸದ ಬುಟ್ಟಿಗೆ ಎಸೆಯುವುದು ಎಷ್ಟು ಸುಲಭವಿತ್ತು! ಕೆಲವೇ ವರ್ಷಗಳಲ್ಲಿ, 1958ರಲ್ಲಿ, ಈ ಹೊಸ ವಸ್ತುವಿನಿಂದ ಮಾಡಿದ ಅಡುಗೆ ಪಾತ್ರೆಗಳು ಅಂಗಡಿಗೆ ಬಂದವು. ಜರ್ಮನಿಯ ಷಾಟ್ ಎಂಬ ಕಂಪನಿ 1970ರ ದಶಕದ ಆರಂಭದಲ್ಲಿ ಇಂಥದ್ದೇ ವಸ್ತುವಿನ ಒಲೆಯ ಹಲಗೆಗಳನ್ನು ಮಾರತೊಡಗಿತು. ಸ್ಟೂಕಿ ತಮ್ಮ 99ನೇ ವಯಸ್ಸಿನವರೆಗೆ, 2014ರವರೆಗೆ ಬದುಕಿದ್ದು ಇದನ್ನೆಲ್ಲ ಕಣ್ಣಾರೆ ನೋಡಿದರು.

ಆ ಕುಲುಮೆಯೊಳಗೆ ಏನಾಗಿತ್ತು? ತಿಳಿಯಲು ಮತ್ತೆ ಸಕ್ಕರೆಯ ಹತ್ತಿರವೇ ಹೋಗಬೇಕು. ಕಡ್ಡಿಗೆ ಅಂಟಿಸಿದ ಲಾಲಿಪಾಪ್ ಮತ್ತು ದೇವಸ್ಥಾನದಲ್ಲಿ ಕೊಡುವ ಕಲ್ಲುಸಕ್ಕರೆ, ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ. ಎರಡೂ ಸಕ್ಕರೆಯವೇ. ಕಲ್ಲುಸಕ್ಕರೆಗೆ ಚಪ್ಪಟೆ ಮುಖಗಳಿವೆ, ಚೂಪು ಅಂಚುಗಳಿವೆ. ನಿಧಾನವಾಗಿ ಬೆಳೆದದ್ದರಿಂದ ಅದರೊಳಗಿನ ಕಣಗಳು ಸಾಲಾಗಿ, ಅಚ್ಚುಕಟ್ಟಾಗಿ ಜೋಡಿಕೊಂಡಿವೆ. ಇದು ಹರಳು. ಲಾಲಿಪಾಪಿಗೆ ಮುಖವೂ ಇಲ್ಲ, ಅಂಚೂ ಇಲ್ಲ. ಬಿಸಿ ಪಾಕವನ್ನು ಬೇಗ ಆರಿಸಿದ್ದರಿಂದ ಕಣಗಳಿಗೆ ಸಾಲು ನಿಲ್ಲಲು ಹೊತ್ತೇ ಸಿಗಲಿಲ್ಲ, ಎಲ್ಲಿದ್ದವೋ ಅಲ್ಲೇ ಗಟ್ಟಿಯಾದವು. ಇದು ಗಾಜು. ಹೌದು, ಲಾಲಿಪಾಪ್ ನಿಜಕ್ಕೂ ಒಂದು ಬಗೆಯ ಗಾಜು. ವಿಜ್ಞಾನಿಗಳೂ ಅದನ್ನು ಹಾಗೆಯೇ ಕರೆಯುತ್ತಾರೆ!

ಸ್ಟೂಕಿಯವರ ಕುಲುಮೆಯಲ್ಲಿ, ಅತಿಯಾದ ಶಾಖದಿಂದ, ಗಾಜಿನೊಳಗಿನ ಕಣಗಳಿಗೆ ಮತ್ತೆ ಅಲುಗಾಡುವ ಅವಕಾಶ ಸಿಕ್ಕಿತು. ಅವು ಅಲ್ಲಲ್ಲೇ ಗುಂಪು ಕೂಡಿ ಸಾಲು ನಿಂತವು. ಗಾಜಿನ ತುಂಬ ಲೆಕ್ಕವಿಲ್ಲದಷ್ಟು ಪುಟಾಣಿ ಹರಳುಗಳು ಹುಟ್ಟಿದವು. ಗಾಜೂ ಹೌದು, ಹರಳೂ ಹೌದು ಅನ್ನುವಂಥ ಈ ವಸ್ತುವನ್ನೇ ಗ್ಲಾಸ್ ಸೆರಾಮಿಕ್ ಅನ್ನುವುದು. ಇವತ್ತಿನ ಒಲೆಯ ಹಲಗೆಯಲ್ಲಿ ಹರಳುಗಳು ಎಷ್ಟು ಸಣ್ಣವೆಂದರೆ, ನಿಮ್ಮ ಒಂದು ತಲೆಗೂದಲಿನ ಅಗಲದಲ್ಲಿ ಸಾವಿರಕ್ಕೂ ಹೆಚ್ಚು ಹರಳುಗಳನ್ನು ಸಾಲಾಗಿ ಜೋಡಿಸಬಹುದು.

ಜಾಣತನ ಇರುವುದು ಈ ಹರಳುಗಳ ವಿಚಿತ್ರ ಸ್ವಭಾವದಲ್ಲಿ. ಲಿಥಿಯಂ, ಅಲ್ಯೂಮಿನಿಯಂ, ಸಿಲಿಕಾನ್ ಇವು ಆಮ್ಲಜನಕದ ಜತೆ ಸೇರಿ ಆದ ಈ ಹರಳುಗಳು ಬಿಸಿ ಮಾಡಿದರೆ ಹಿಗ್ಗುವ ಬದಲು ತುಸು ಕುಗ್ಗುತ್ತವೆ! ಸುತ್ತಲಿನ ಗಾಜು ಎಂದಿನಂತೆ ಹಿಗ್ಗುತ್ತದೆ. ಅದು ಹಿಗ್ಗಿದಷ್ಟು ಇದು ಕುಗ್ಗಿದರೆ ಒಟ್ಟು ಲೆಕ್ಕ ಸೊನ್ನೆ. ಹಾಗಾಗಿ ಸುಮಾರು 4 ಮಿಲಿಮೀಟರ್ ದಪ್ಪದ ಈ ಹಲಗೆ ಕೆಂಪಗೆ ಕಾದಿದ್ದಾಗ ಮೇಲೆ ತಣ್ಣೀರು ಚೆಲ್ಲಿದರೂ ಸೀಳುವುದಿಲ್ಲ. ಅಮೆರಿಕದಲ್ಲೋ ಜರ್ಮನಿಯಲ್ಲೋ ನಿಮ್ಮ ಚಿಕ್ಕಮ್ಮ ಇದ್ದರೆ ಅವರ ಮನೆಯಲ್ಲಿ ಇದೇ ಹಲಗೆಯ ಇನ್ನೊಂದು ಬಗೆಯ ಒಲೆ ನೋಡಿರುತ್ತೀರಿ: ಹಲಗೆಯ ಕೆಳಗಿನ ಸುರುಳಿ ಕೆಂಡದ ಹಾಗೆ ಹೊಳೆಯುತ್ತಿರುತ್ತದೆ, ಪಕ್ಕದಲ್ಲಿ ಒಂದು ಗೇಣು ಆಚೆ ಹಲಗೆ ಮುಟ್ಟುವಷ್ಟು ತಂಪು. ಹಾಗಂತ ಮುಟ್ಟಲು ಹೋಗಬೇಡಿ!

ಇದೇ ಕುಟುಂಬದ ಒಂದು ವಸ್ತು ನಕ್ಷತ್ರ ನೋಡುವುದಕ್ಕೂ ಬೇಕಾಯಿತು. ತಮಿಳುನಾಡಿನ ಕಾವಲೂರಿನಲ್ಲಿ ವೇಣು ಬಪ್ಪು ದೂರದರ್ಶಕವಿದೆ. ಅದನ್ನು ನಡೆಸುವುದು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್. ಅದರ ದೊಡ್ಡ ಕನ್ನಡಿ 2.34 ಮೀಟರ್ ಅಗಲ. ಅದನ್ನು ಮಾಡಿರುವುದು ಜೆರೋಡೂರ್ ಎಂಬ ಗ್ಲಾಸ್ ಸೆರಾಮಿಕ್‌ನಿಂದ. ಹಗಲಿನ ಸೆಖೆ, ರಾತ್ರಿಯ ಚಳಿ, ಎರಡಕ್ಕೂ ಕನ್ನಡಿಯ ಆಕಾರ ಬದಲಾಗಬಾರದು. ಬದಲಾದರೆ ನಕ್ಷತ್ರ ಮಸುಕಾಗುತ್ತದೆ. ಆ ಕನ್ನಡಿಯ ಬಿಲ್ಲೆಯನ್ನು ಬೆಂಗಳೂರಿನ ಪ್ರಯೋಗಾಲಯದಲ್ಲೇ ಅರೆದು, ಉಜ್ಜಿ, ನಯ ಮಾಡಿದರು. 1986ರಿಂದ ಅದು ಆಕಾಶ ನೋಡುತ್ತಿದೆ.

ಕನ್ನಡಿಯನ್ನು ನಯ ಮಾಡಿದ ಆ ವಿದ್ಯೆಯೇ ನಮ್ಮನ್ನು ಮೊಳೆಯ ಗೀರಿನ ಪ್ರಶ್ನೆಗೆ ವಾಪಸು ತರುತ್ತದೆ. ಕಾಲುವೆಯಂಥ ಗೀರನ್ನು ತೆಗೆಯುವುದು ಹೇಗೆ? ಹೋದ ಚೂರನ್ನು ತಂದು ತುಂಬಲು ಆಗುವುದಿಲ್ಲ. ಉಳಿದಿರುವ ದಾರಿ ಒಂದೇ: ಕಾಲುವೆಯ ತಳ ಎಷ್ಟು ಕೆಳಗಿದೆಯೋ, ಸುತ್ತಲಿನ ನೆಲವನ್ನೂ ಅಷ್ಟೇ ಕೆಳಕ್ಕೆ ಇಳಿಸಬೇಕು! ಕನ್ನಡಿ ಮಾಡುವವರು ಒರಟು ಪುಡಿಯಿಂದ ಶುರುಮಾಡಿ, ಆಮೇಲೆ ಸಣ್ಣ ಪುಡಿ, ಅದಕ್ಕಿಂತ ಸಣ್ಣದು, ಕೊನೆಗೆ ಸೀರಿಯಂ ಆಕ್ಸೈಡಿನಂಥ ನಯವಾದ ಪುಡಿ ಹಾಕಿ ದಿನಗಟ್ಟಲೆ ಉಜ್ಜುತ್ತಾರೆ. ಒಂದೊಂದು ಪುಡಿಯೂ ಹಿಂದಿನ ಪುಡಿ ಬಿಟ್ಟ ಗೀರನ್ನು ಅಳಿಸಿ, ತನ್ನದೇ ಇನ್ನೂ ಸಣ್ಣ ಗೀರನ್ನು ಬಿಡುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದಾದಾಗ ನಾವು 'ನುಣುಪಾಯಿತು' ಅನ್ನುತ್ತೇವೆ.

ಒಲೆಯ ಹಲಗೆಗೆ ಇದನ್ನು ಮಾಡಬಹುದೇ? ಮಾಡಹೊರಟರೆ ಗೀರಿದ್ದ ಜಾಗದಲ್ಲಷ್ಟೇ ಉಜ್ಜುತ್ತೇವೆ, ಅಲ್ಲೊಂದು ತಗ್ಗು ಬೀಳುತ್ತದೆ. ಮೇಲೆ ಅಚ್ಚು ಹಾಕಿದ ಉಂಗುರ, ಅಂಕಿಗಳೂ ಅಳಿಸುತ್ತವೆ. ಹಾಗಾಗಿ, ತೀರಾ ತೆಳ್ಳಗಿನ ಗೀಟುಗಳು ಕ್ರೀಮ್ ಹಾಕಿ ಉಜ್ಜಿದರೆ ಸ್ವಲ್ಪ ಮಂಕಾಗಬಹುದು, ಉಗುರಿಗೆ ಸಿಗುವಂಥ ಗೀರು ಹೋಗುವುದಿಲ್ಲ ಅಂತ ನೇರವಾಗಿ ಒಪ್ಪಿಕೊಳ್ಳುವುದೇ ಮೇಲು. ಯಾವುದೋ ವೀಡಿಯೊ ನೋಡಿ ಟೂತ್‌ಪೇಸ್ಟ್ ಹಚ್ಚಿ ಗಂಟೆಗಟ್ಟಲೆ ತಿಕ್ಕುವವರ ಕೈನೋವಿಗಷ್ಟೇ ನನ್ನ ಮರುಕ.

ಎಣ್ಣೆ ಹಚ್ಚಿದರೆ ಗೀರು ಮಾಯವಾಗುತ್ತದೆ ಅಂತಲೂ ಕೆಲವರು ತೋರಿಸುತ್ತಾರೆ. ಅದು ಸುಳ್ಳಲ್ಲ, ಒಂದು ಸೊಗಸಾದ ಕಣ್ಕಟ್ಟು. ನೀವೇ ಮಾಡಿ ನೋಡಿ. ಬಚ್ಚಲುಮನೆಯ ಕಿಟಕಿಗೆ ಮಸುಕು ಗಾಜು ಇದ್ದರೆ, ಅದರ ತರಿತರಿ ಬದಿಗೆ ಒಂದು ತುಂಡು ಸೆಲ್ಲೋಟೇಪ್ ಅಂಟಿಸಿ, ಬೆರಳಿನಿಂದ ಚೆನ್ನಾಗಿ ಒತ್ತಿ. ಟೇಪ್ ಇರುವಷ್ಟು ಜಾಗದಲ್ಲಿ ಹೊರಗಿನ ಮರ, ಮನೆ ಎಲ್ಲ ಕಾಣತೊಡಗುತ್ತದೆ!

ಆ ಗಾಜು ಮಸುಕಾಗಿರುವುದು ಅದರ ಮೈತುಂಬ ಗೀರುಗಳಿರುವುದರಿಂದ. ಬೆಳಕು ಬಂದು ತಗ್ಗುದಿಣ್ಣೆಗಳಿಗೆ ತಾಗಿ ಕಂಡಕಂಡ ಕಡೆ ಚದುರುತ್ತದೆ. ಚದುರಿದ ಬೆಳಕೇ ನಮಗೆ ಬಿಳಿಯಾಗಿ ಕಾಣುವುದು. ಕಪ್ಪು ಹಲಗೆಯ ಮೇಲಿನ ಗೀಟು ಬೆಳ್ಳಗಿರುವುದೂ ಅದಕ್ಕೇ. ಟೇಪಿನ ಅಂಟು ತಗ್ಗುಗಳನ್ನು ತುಂಬಿತು. ಬೆಳಕಿಗೆ ಅಂಟಿಗೂ ಗಾಜಿಗೂ ಹೆಚ್ಚು ವ್ಯತ್ಯಾಸ ಗೊತ್ತಾಗದೆ ನೇರವಾಗಿ ದಾಟಿಹೋಯಿತು. ಎಣ್ಣೆ ಮಾಡುವುದೂ ಇಷ್ಟೇ. ಆದರೆ ಒಲೆ ಹಚ್ಚಿದರೆ ಎಣ್ಣೆ ಸುಟ್ಟು ಹೋಗುತ್ತದೆ, ಕಾಲುವೆ ಮತ್ತೆ ಕಾಣುತ್ತದೆ. ಮೇಲೆ ಒಂದು ಕಂದು ಕಲೆ ಲಾಭ!

ಗೀರು ಹಾಗೆಯೇ ಇದ್ದರೆ ಅಡುಗೆಗೇನೂ ತೊಂದರೆಯಿಲ್ಲ. ಬಿರುಕು ಮಾತ್ರ ಬೇರೆ ವಿಷಯ. ಕಿಟಕಿಗೆ ಗಾಜು ಕೂರಿಸುವವರನ್ನು ನೋಡಿದ್ದೀರಾ? ಗಾಜನ್ನು ಪೂರ್ತಿ ಕತ್ತರಿಸುವುದೇ ಇಲ್ಲ. ಪುಟ್ಟ ಗಾಲಿಯಿಂದ ಕಿರ್ರ್ ಅಂತ ಒಂದು ಗೀರು ಎಳೆದು, ಎರಡೂ ಕಡೆ ಹಿಡಿದು ಒಮ್ಮೆ ಬಗ್ಗಿಸುತ್ತಾರೆ. ಗಾಜು ಆ ಗೀರಿನ ಗುಂಟವೇ ಮುರಿಯುತ್ತದೆ, ಎಳೆತವೆಲ್ಲ ಅದರ ತುದಿಯಲ್ಲಿ ಬಂದು ಸೇರುವುದರಿಂದ. ಹಲಗೆಯ ಮೇಲೆ ಈ ಅಂಚಿನಿಂದ ಆ ಅಂಚಿಗೆ ಓಡುವ ಬಿರುಕು ಕಂಡರೆ ಮನೆಯವರಿಗೆ ಕೂಡಲೇ ಹೇಳಿ. ಅದರೊಳಗೆ ನೀರು ಇಳಿದರೆ ಕರೆಂಟು ಹೊಡೆಯುವ ಭಯವಿದೆ, ಆ ಒಲೆ ಹಚ್ಚಲೇಬಾರದು.

ಗ್ಯಾಸ್ ಒಲೆಯ ಮೇಲಿನ ಗಾಜನ್ನು ಇದರ ಜತೆ ಸೇರಿಸಬೇಡಿ. ಅದು ಸಾಮಾನ್ಯವಾಗಿ ಗಟ್ಟಿಗೊಳಿಸಿದ ಬೇರೆ ಗಾಜು, ಒಳಗೆ ಹರಳುಗಳಿಲ್ಲ. ಒಡೆದರೆ ಒಟ್ಟಿಗೇ ಸಾವಿರಾರು ಚೂರಾಗುತ್ತದೆ.

ಕೊನೆಗೆ ಒಂದು ಪ್ರಶ್ನೆ ಉಳಿಯಿತು. ಉಗುರು ಸೋತಿತು, ತಾಮ್ರ ಸೋತಿತು, ಚಾಕುವೂ ಸೋತಿತು. ಹಾಗಾದರೆ ನಿಜವಾದ ಗೀರು ಹಾಕಿದ ಮೊಳೆ ಯಾವುದು? ಮೋಸ್ ಅವರ ಮೆಟ್ಟಿಲಲ್ಲಿ ಹಲಗೆಗಿಂತ ಮೇಲಿರುವ, ಆದರೆ ಎಲ್ಲರ ಅಡುಗೆಮನೆಯಲ್ಲೂ ಇರುವ ವಸ್ತು ಅದು. ಮರಳು! ಮರಳಿನ ಕಣ ಹೆಚ್ಚಾಗಿ ಕ್ವಾರ್ಟ್ಜ್ ಎಂಬ ಖನಿಜ, ಅದರ ಜಾಗ 7ನೇ ಮೆಟ್ಟಿಲು. ಆಲೂಗಡ್ಡೆಯ ಸಿಪ್ಪೆಗೆ, ಕೊತ್ತಂಬರಿಯ ಬೇರಿಗೆ ಅಂಟಿಕೊಂಡು ಬಂದ ಒಂದು ಕಣ ಹಲಗೆಯ ಮೇಲೆ ಬೀಳುತ್ತದೆ. ಅದರ ಮೇಲೆ ತುಂಬಿದ ಕುಕ್ಕರ್ ಕೂರುತ್ತದೆ. ಯಾರೋ ಕುಕ್ಕರನ್ನು ಎತ್ತುವ ಬದಲು ಸರ್ರನೆ ಎಳೆಯುತ್ತಾರೆ. ಅಷ್ಟು ಭಾರವನ್ನು ತಲೆಯ ಮೇಲೆ ಹೊತ್ತ ಆ ಪುಟ್ಟ ಕಣ ಹಲಗೆಯನ್ನು ಉಳುತ್ತ ಹೋಗುತ್ತದೆ.

ಅಪರಾಧಿಯನ್ನು ಹಿಡಿಯಬೇಕೆ? ಪಾತ್ರೆಗಳನ್ನು ಬೋರಲು ಹಾಕಿ, ತಳವನ್ನು ಬಿಳಿ ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಗೆ ಅಂಟಿದ್ದನ್ನು ಬಿಸಿಲಿನಲ್ಲಿ ನೋಡಿ. ತರಿತರಿಯಾದ ಕಣವೊಂದು ಸಿಕ್ಕರೆ ಬಿಸಾಡುವ ಹಳೆಯ ಗಾಜಿನ ಬಾಟಲಿಯ ಮೇಲಿಟ್ಟು, ರಬ್ಬರಿನ ತುಂಡಿನಿಂದ ಅದನ್ನು ಒತ್ತಿ ಎಳೆಯಿರಿ. ಬಾಟಲಿಯ ಮೇಲೆ ಗೀರು ಬಿತ್ತೇ? ಸಿಕ್ಕಿಬಿದ್ದ! ಬೀಳದಿದ್ದರೆ ಆ ಕಣವನ್ನು ಒಂದು ಹನಿ ನೀರಿಗೆ ಹಾಕಿ ನೋಡಿ. ಕರಗಿದರೆ ಅದು ಉಪ್ಪೋ ಸಕ್ಕರೆಯೋ ಇರಬೇಕು. ಕರಗದೆ ಉಬ್ಬಿ ಮೆತ್ತಗಾದರೆ, ಬೆಳಗ್ಗೆ ಮನೆಯಲ್ಲಿ ಉಪ್ಪಿಟ್ಟು ಮಾಡಿದ್ದರೇ ಅಂತ ಕೇಳಿ.